ಪಂಪ್ ನಿಂತಿರಲಿಲ್ಲ

ಮೊದಲು ವಾಸನೆ ಹಿಡಿದವಳು ನನ್ನ ತಂಗಿ. ಏರು ರಸ್ತೆ ಶುರುವಾಗಿ ಹತ್ತು ನಿಮಿಷ ಆಗಿತ್ತೇನೋ. ಪಕ್ಕದ ಸೀಟಿನಲ್ಲಿ ಕಿಟಕಿ ಅರ್ಧ ಇಳಿಸಿಕೊಂಡು ಕೂತಿದ್ದವಳು ಮೂಗರಳಿಸಿ, "ಅಣ್ಣಾ, ಪೆಟ್ರೋಲ್ ವಾಸನೆ ಬರ್ತಿಲ್ವಾ?" ಅಂದಳು.

ಬರುತ್ತಿತ್ತು. ನನಗೂ ಗೊತ್ತಾಗಿತ್ತು. "ಮುಂದೆ ಹೋಗ್ತಿರೋ ಲಾರಿದು ಇರಬೇಕು ಬಿಡು" ಅಂದೆ.

"ಲಾರಿಗೆ ಹಾಕೋದು ಡೀಸೆಲ್ ಅಲ್ವಾ?"

ನಾನು ಉತ್ತರ ಕೊಡಲಿಲ್ಲ. ಆ ಮಾತಿಗೆ ಅಲ್ಲೇ ಗಾಡಿ ನಿಲ್ಲಿಸಿದ್ದರೆ ಬಾನೆಟ್ ಎತ್ತಿ, ಒದ್ದೆಯಾದ ಪೈಪ್ ನೋಡಿ, ಎಂಜಿನ್ ಆರಲು ಬಿಟ್ಟು ಕೂತಿರುತ್ತಿದ್ದೆವು. ನಿಲ್ಲಿಸಲಿಲ್ಲ. ಇನ್ನೂ ನಾಲ್ಕೈದು ನಿಮಿಷ ಓಡಿಸಿದೆ. ಆಮೇಲೆ ನಡೆದದ್ದಕ್ಕಿಂತ ಆ ನಾಲ್ಕೈದು ನಿಮಿಷವೇ ಈಗಲೂ ನನ್ನನ್ನು ಹೆಚ್ಚು ಕಾಡುವುದು.

ಗಾಡಿಯ ವಿಷಯ ಹೇಳಬೇಕು. ಹಳೆಯ ಸಣ್ಣ ಕಾರು, 1.3 ಲೀಟರ್ ಎಂಜಿನ್. ಎರಡು ವರ್ಷ ಕೈಗೆ ಗ್ರೀಸ್ ಹಚ್ಚಿಕೊಂಡು ಅದಕ್ಕೆ ಟರ್ಬೊ, ಅಂದರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಕೂರಿಸಿದ್ದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಟ್ಯಾಂಕಿನ ಪಕ್ಕ ಹೊರಗಡೆ ಒಂದು ಹೊಸ ಫ್ಯೂಯಲ್ ಪಂಪ್, ಹೊಸ ವೈರಿಂಗ್. ಕಷ್ಟದ ಕೆಲಸವನ್ನೆಲ್ಲ ನನಗೆ ಕಲಿಸಿದ ಮೇಸ್ತ್ರಿ ಒಬ್ಬರಿದ್ದಾರೆ. ಮೊದಲ ದಿನ ಟರ್ಬೊ ಕೂಗಿದ್ದನ್ನು ಕೇಳಿ ನಾನು ಹಿಗ್ಗುತ್ತಿದ್ದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೆಂಕಿ ಆರ್ಸೋ ಸಿಲಿಂಡರ್ ಎಲ್ಲಿಟ್ಟಿದ್ದೀಯಪ್ಪ?" ಡಿಕ್ಕಿಯಲ್ಲಿದೆ ಅಂದೆ. ಡಿಕ್ಕಿ ತೆರೆಸಿದರು. ಸ್ಟೆಪ್ನಿ ಮೇಲೆ ಟೂಲ್ ಬ್ಯಾಗು, ಅದರ ಮೇಲೆ ಜಾಕು, ಎಲ್ಲದರ ಅಡಿಯಲ್ಲಿ ಒಂದು ಕಿಲೋ ಪುಡಿಯ ಸಿಲಿಂಡರ್, ಇನ್ನೂ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ. "ಇಲ್ಲಿದ್ರೆ ಇದೂ ಒಂದು ಲಗೇಜು. ಬೆಲ್ಟ್ ಹಾಕ್ಕೊಂಡು ಕೂತಲ್ಲೇ ಕೈಗೆ ಸಿಗಬೇಕು" ಅಂದವರು, ಡ್ರೈವರ್ ಸೀಟಿನ ಮುಂದಿನ ಅಂಚಿನ ಕೆಳಗೆ ತಗಡಿನ ಬ್ರಾಕೆಟ್ ಕೂರಿಸುವವರೆಗೆ ನನ್ನನ್ನು ಬಿಡಲಿಲ್ಲ. ಒಂದು ಕ್ಲಿಪ್ ಎಳೆದರೆ ಸಿಲಿಂಡರ್ ಕೈಗೆ ಬರುವ ಹಾಗೆ.

ಅವರು ಹೇಳಿದ್ದನ್ನು ಅಂದು ಪೂರ್ತಿ ಮಾಡಿದೆ ಅಂದುಕೊಂಡಿದ್ದೆ. ಮಾಡಿರಲಿಲ್ಲ.

ಎಂಜಿನ್ ಒಮ್ಮೆ ಮುಗ್ಗರಿಸಿತು. ಬಾನೆಟ್ಟಿನ ಬಲ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು. ನೋಡುತ್ತಿದ್ದಂತೆ ಅಲ್ಲಿಯ ಬಣ್ಣ ಅಂಗೈಯಗಲ ಬೊಬ್ಬೆ ಬಂದಂತೆ ಉಬ್ಬಿತು. ಎಡಕ್ಕೆ ಒತ್ತಿ ನಿಲ್ಲಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ. ಎಂಜಿನ್ ತಾನಾಗಿಯೇ ಸತ್ತಿತ್ತು. "ಇಳಿ, ಹಿಂದಕ್ಕೆ ಓಡು, ದೂರ ಹೋಗು" ಅಂದೆ. ತಂಗಿ ಬೆಲ್ಟ್ ಬಿಚ್ಚಲು ಎರಡು ಸಲ ತಡವರಿಸಿದಳು. ಅವಳ ಕೈ ಮೇಲೆ ನನ್ನ ಕೈ ಇಟ್ಟು ಒತ್ತಿದೆ. ಅವಳ ಬಾಗಿಲು ತೆರೆದ ಸದ್ದು ಕೇಳಿದ ಮೇಲೆ ಬಾನೆಟ್ಟಿನ ಲಿವರ್ ಎಳೆದೆ, ಸೀಟಿನ ಕೆಳಗೆ ಕೈ ಹಾಕಿದೆ, ಸಿಲಿಂಡರ್ ಸಿಕ್ಕಿತು. ಇಷ್ಟೂ ನೆನಪಿನಲ್ಲಿ ಸ್ಪಷ್ಟವಾಗಿದೆ. ಕೀ ತಿರುಗಿಸಬೇಕೆಂಬುದು ಮಾತ್ರ ಹೊಳೆಯಲೇ ಇಲ್ಲ.

ಲಿವರ್ ಎಳೆದರೆ ಬಾನೆಟ್ ಪೂರ್ತಿ ತೆರೆಯುವುದಿಲ್ಲ, ಎರಡನೆಯ ಕೊಂಡಿಗೆ ಸಿಕ್ಕಿ ಎರಡು ಬೆರಳಿನಷ್ಟು ಬಿರುಕು ಬಿಡುತ್ತದೆ. ಅಷ್ಟೇ ಸಾಕು, ಅಷ್ಟೇ ಇರಬೇಕು. ಒಳಗೆ ಬೆಂಕಿ ಗಾಳಿ ಸಾಲದೆ ಹೆಣಗುತ್ತಿರುತ್ತದೆ. ಬಾನೆಟ್ ಎತ್ತಿದರೆ ಅದಕ್ಕೆ ಬೇಕಾದ ಗಾಳಿಯನ್ನು ನಾವೇ ಕೊಟ್ಟ ಹಾಗೆ, ಜ್ವಾಲೆ ಎತ್ತಿದವನ ಮುಖಕ್ಕೇ ಬರುತ್ತದೆ. ಇದನ್ನು ಮೇಸ್ತ್ರಿ ನೂರು ಸಲ ಹೇಳಿದ್ದರು. ಗಾಳಿ ನನ್ನ ಬೆನ್ನಿಗಿರುವ ಹಾಗೆ ನಿಂತು, ಪಿನ್ ಕಿತ್ತು, ಆ ಬಿರುಕಿನೊಳಕ್ಕೆ ಪುಡಿ ಹೊಡೆದೆ. ಹಳದಿ ಬಿಳುಪಿನ ಮೋಡ ಎದ್ದಿತು. ಸದ್ದು ಅಡಗಿತು. ಕಿತ್ತಳೆ ಬೆಳಕು ಮಾಯವಾಯಿತು. ನಾಲ್ಕೈದು ಸೆಕೆಂಡು ಆಗಿರಬೇಕು. ಬದುಕಿದೆವು ಅಂದುಕೊಂಡು ಹಿಡಿ ಸಡಿಲಿಸಿದೆ.

ಆ ನಿಶ್ಶಬ್ದದಲ್ಲಿ ಗಾಡಿಯ ಹಿಂಭಾಗದಿಂದ 'ಗುಂಯ್' ಎನ್ನುವ ಸದ್ದು ಕೇಳುತ್ತಿತ್ತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮರುಕ್ಷಣ ಬಾನೆಟ್ಟಿನ ಕೆಳಗೆ 'ಭಗ್' ಎಂದಿತು. ಈ ಸಲ ಮುಂಚಿಗಿಂತ ಜೋರು. ಮುಂದಿನ ಚಕ್ರದ ಹಿಂದಿನಿಂದಲೂ ಜ್ವಾಲೆ ಹೊರಬಂತು. ಮತ್ತೆ ಒತ್ತಿದೆ. ಮೂರು, ನಾಲ್ಕು ಸೆಕೆಂಡು. ಆಮೇಲೆ ಬರಿಯ 'ಸ್‌ಸ್' ಗಾಳಿ. ಸಿಲಿಂಡರ್ ಖಾಲಿ.

ಒಂದು ಕಿಲೋ ಪುಡಿ ಎಂದರೆ ಎಂಟರಿಂದ ಹತ್ತು ಸೆಕೆಂಡು, ಅಷ್ಟೇ. ಓದಿ ತಿಳಿದಿದ್ದೆ. ಕೈಯಲ್ಲಿ ಖಾಲಿ ಸಿಲಿಂಡರ್ ಹಿಡಿದು ಉರಿಯುವ ಗಾಡಿಯ ಮುಂದೆ ನಿಂತಾಗ ಆ ಹತ್ತು ಸೆಕೆಂಡು ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ. 1973ರ ಡಚ್ ಗ್ರ್ಯಾನ್ ಪ್ರಿಯ ಆ ಹಳೆಯ ದೃಶ್ಯವನ್ನು ಮೋಟಾರ್ ರೇಸ್ ಹುಚ್ಚಿರುವ ಬಹಳ ಮಂದಿ ನೋಡಿರುತ್ತಾರೆ. ಜಾಂಡ್‌ವೋರ್ಟ್ ಸರ್ಕೀಟಿನಲ್ಲಿ ರೋಜರ್ ವಿಲಿಯಮ್ಸನ್ ಅವರ ಕಾರು ಮಗುಚಿ ಉರಿಯುತ್ತಿದೆ. ಡೇವಿಡ್ ಪರ್ಲಿ ತಮ್ಮ ಕಾರು ನಿಲ್ಲಿಸಿ ಓಡಿಬಂದು, ಸಿಕ್ಕ ಒಂದು ಎಕ್ಸ್‌ಟಿಂಗ್ವಿಷರ್ ತೆಗೆದುಕೊಂಡು ಹೊಡೆಯುತ್ತಾರೆ. ಅದು ಮುಗಿಯುತ್ತದೆ, ಬೆಂಕಿ ಮುಗಿಯುವುದಿಲ್ಲ. ವಿಲಿಯಮ್ಸನ್ ಉಳಿಯಲಿಲ್ಲ. ನನ್ನ ಗಾಡಿಯೊಳಗೆ ಯಾರೂ ಇರಲಿಲ್ಲ. ಹಿಂದಿರುಗಿ ನೋಡಿದೆ: ತಂಗಿ ದೂರದಲ್ಲಿ, ರಸ್ತೆಯ ಅಂಚಿನಲ್ಲಿ, ಎರಡೂ ಕೈ ಎತ್ತಿ ಬರುವ ಗಾಡಿಗಳನ್ನು ನಿಲ್ಲಿಸುತ್ತಿದ್ದಳು. ಅವಳನ್ನು ಅಲ್ಲಿ ಕಂಡ ಮೇಲೆ ನನಗೆ ಉಸಿರು ಬಂತು.

ಅವಳು ನಿಲ್ಲಿಸಿದ್ದು ಒಂದು ಲಾರಿಯನ್ನು. ಡ್ರೈವರ್ ಕ್ಯಾಬಿನ್ನಿನಿಂದ ದೊಡ್ಡ ಸಿಲಿಂಡರ್ ಹಿಡಿದು ಹಾರಿ ಇಳಿದರು. ಓಡುತ್ತಲೇ ಕೂಗಿದರು: "ಕೀ ಆಫ್ ಮಾಡಿ! ಕೀ!"

ಆಗ 'ಗುಂಯ್' ಸದ್ದು ಏನೆಂದು ತಲೆಗೆ ಹೋಯಿತು. ಕಿಟಕಿಯಿಂದ ಕೈ ಚಾಚಿ ಕೀ ತಿರುಗಿಸಿದೆ. ಪಂಪ್ ನಿಂತಿತು.

ಕಂಪನಿಯಿಂದ ಬಂದ ಹಾಗೆಯೇ ಇರುವ ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ ತಿರುಗುವುದು ನಿಂತರೆ ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಒಂದೆರಡು ಸೆಕೆಂಡಿನಲ್ಲಿ ಪಂಪನ್ನು ನಿಲ್ಲಿಸುತ್ತದೆ. ಹೊಸ ಪಂಪ್ ಹಾಕುವಾಗ ನಾನು ಅದಕ್ಕೆ ಬೇರೆ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚು) ಕೊಟ್ಟು, ಕೀ ಆನ್ ಇದ್ದಷ್ಟು ಹೊತ್ತೂ ಓಡುವ ಹಾಗೆ ನೇರ ಜೋಡಿಸಿದ್ದೆ. ಸುಲಭವಾಗಿತ್ತು, ಅದಕ್ಕೆ. ಮೇಸ್ತ್ರಿಗೆ ಹೇಳಿರಲೂ ಇಲ್ಲ. ಎಂಜಿನ್ ಸತ್ತ ಮೇಲೂ ಮೂರು ಬಾರ್ ಒತ್ತಡದಲ್ಲಿ ಪೆಟ್ರೋಲ್ ಒಡೆದ ಪೈಪಿನಿಂದ ಮಂಜಿನಂತೆ ಚಿಮ್ಮುತ್ತಲೇ ಇತ್ತು. ನಾನು ಒಂದು ಕೈಯಲ್ಲಿ ಬೆಂಕಿ ಆರಿಸುತ್ತಿದ್ದೆ, ನನ್ನದೇ ವೈರಿಂಗ್ ಅದಕ್ಕೆ ಪೆಟ್ರೋಲ್ ಸುರಿಯುತ್ತಿತ್ತು.

ಪುಡಿ ಬೆಂಕಿಯನ್ನು ಆರಿಸುತ್ತದೆ, ಆದರೆ ಲೋಹವನ್ನು ತಣಿಸುವುದಿಲ್ಲ. ಬೆಂಕಿ ಮತ್ತೆ ಹತ್ತಿಕೊಂಡದ್ದಕ್ಕೆ ಇದು ಎರಡನೆಯ ಕಾರಣ. ಏರಿನಲ್ಲಿ ಹೊತ್ತು ಎಳೆದ ಟರ್ಬೊದ ಎಕ್ಸಾಸ್ಟ್ ಕಡೆಯ ಗೂಡು ಕೆಂಪಗೆ ಕಾದಿರುತ್ತದೆ. ಕಣ್ಣಿಗೆ ಕೆಂಪು ಕಂಡಿತೆಂದರೆ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದೇ ಲೆಕ್ಕ. ಕಿಡಿಯೇ ಇಲ್ಲದೆ ಪೆಟ್ರೋಲ್ ಆವಿ ಹತ್ತಿಕೊಳ್ಳಲು ಅಂಥ ಲೋಹ ಸಾಕು. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಪುಡಿ ಮುಚ್ಚಿದ ಟರ್ಬೊ ಅದೇ.

ಲಾರಿಯವರು ಮಾಡಿದ ಕ್ರಮ ನೋಡಿ ಕಲಿಯುವಂತಿತ್ತು. ನಾನು ಜ್ವಾಲೆ ಕಂಡ ಕಡೆಗೆಲ್ಲ ಹೊಡೆದಿದ್ದೆ. ಅವರು ಮೊದಲು ಬಗ್ಗಿ ನೆಲಕ್ಕೆ ಹೊಡೆದರು. ಗಾಡಿ ಏರುಮುಖವಾಗಿ ನಿಂತಿತ್ತು. ಎಂಜಿನ್ನಿನಿಂದ ತೊಟ್ಟಿಕ್ಕಿದ ಪೆಟ್ರೋಲ್ ಉರಿಯುತ್ತಲೇ ಹಿಂದಕ್ಕೆ, ಅಂದರೆ ಟ್ಯಾಂಕಿನ ಕಡೆಗೆ, ಹರಿಯುತ್ತಿತ್ತು. ನಾನದನ್ನು ನೋಡಿರಲೇ ಇಲ್ಲ. ಆ ಸಾಲನ್ನು ಕಡಿದು, ಆಮೇಲೆ ಚಕ್ರದ ಸಂದಿನಿಂದ ಬೆಂಕಿಯ ಬುಡಕ್ಕೆ, ಕೊನೆಗೆ ಬಾನೆಟ್ಟಿನ ಬಿರುಕಿಗೆ. ಒಂದೇ ಸಮನೆ ಹೊಡೆಯದೆ ಸ್ವಲ್ಪ ಸ್ವಲ್ಪ ಬಿಟ್ಟು ಹೊಡೆದರು. ಆರಿದ ಮೇಲೂ ಅರ್ಧದಷ್ಟು ಉಳಿಸಿಕೊಂಡು, "ಅರ್ಧ ಗಂಟೆ ಯಾರೂ ಮುಟ್ಟಬೇಡಿ" ಅಂತ ಅಲ್ಲೇ ಕಾದು ನಿಂತರು. ಹೊರಡುವಾಗ ಸಿಲಿಂಡರ್ ತುಂಬಿಸಿಕೊಳ್ಳಲು ದುಡ್ಡು ಕೊಡಲು ಹೋದೆ. ಕೈ ಅಡ್ಡ ಹಿಡಿದರು. "ನಿಮ್ಮ ತಂಗಿ ರಸ್ತೆ ಮಧ್ಯಕ್ಕೆ ಬರದೆ ಅಂಚಲ್ಲೇ ನಿಂತು ಕೈ ತೋರಿಸ್ತಿದ್ಲಲ್ಲ, ಒಳ್ಳೆ ಕೆಲಸ ಮಾಡಿದ್ಲು" ಅಂತಷ್ಟೇ ಹೇಳಿ ಹೋದರು.

ಗಾಡಿ ಎಳೆಸಿಕೊಂಡು ಬಂದ ಮೇಲೆ ಮೇಸ್ತ್ರಿ ಬಾನೆಟ್ ಎತ್ತಿದರು. ಮಾತಾಡಲಿಲ್ಲ. ಕ್ಲಾಂಪಿನ ಬಾಯಲ್ಲಿ ಸೀಳಿದ್ದ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದರು. ಒಣಗಿದ ಕಡ್ಡಿಯ ಹಾಗೆ 'ಲಟಕ್' ಎಂದಿತು. ಟರ್ಬೊದಿಂದ ಒಂದು ಗೇಣು ದೂರದಲ್ಲಿತ್ತು ಅದು. ಅವೆರಡರ ನಡುವೆ ಕಂಪನಿಯವರು ಹಾಕಿದ್ದ ಶಾಖ ತಡೆಯುವ ತಗಡು ಇರಬೇಕಿತ್ತು. ಟರ್ಬೊಗೆ ಜಾಗ ಸಾಲದೆಂದು ಅದನ್ನು ಬಿಚ್ಚಿ, ಇನ್ನೊಂದು ಮಾಡಿ ಹಾಕಿದರಾಯಿತು ಎಂದು ಮೂಲೆಗಿಟ್ಟವನು ನಾನು.

ಇದನ್ನು ಬರೆಯುತ್ತಿರುವುದು ಇದೇ ಕಾರಣಕ್ಕೆ. ಕಂಪನಿಯ ಗಾಡಿಯಲ್ಲಿ ಪ್ರತಿ ಪೈಪಿನ ದಾರಿ, ಪ್ರತಿ ಕ್ಲಿಪ್ಪು, ಪ್ರತಿ ಫ್ಯೂಸಿನ ಹಿಂದೆ ಯಾರೋ ಕೂತು ಯೋಚಿಸಿರುತ್ತಾರೆ. ನಾವು ಒಂದನ್ನು ಬಿಚ್ಚಿದ ಕ್ಷಣ ಆ ಯೋಚನೆಯ ಹೊಣೆ ನಮ್ಮದಾಗುತ್ತದೆ. ಟರ್ಬೊ ಇಲ್ಲದವರು ತಮಗಿದು ಸಂಬಂಧವಿಲ್ಲ ಅಂದುಕೊಳ್ಳಬಾರದು. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ತೆಗೆದು 100 ವ್ಯಾಟಿನದು ಹಾಕಿದರೆ 12 ವೋಲ್ಟಿನಲ್ಲಿ ಒಂದೊಂದು ಬಲ್ಬೂ 4.6 ಆಂಪಿಯರ್ ಬದಲು 8.3 ಆಂಪಿಯರ್ ಎಳೆಯುತ್ತದೆ. ವೈರಿನ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಅದೇ ಹಳೆಯ ವೈರು ಮೂರು ಪಟ್ಟಿಗೂ ಹೆಚ್ಚು ಶಾಖ ತಡೆಯಬೇಕು. ರಿಲೇ, ದಪ್ಪ ವೈರು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು ಇಲ್ಲದೆ ಅದನ್ನು ಹಾಕುವುದು ಬೇಡವೇ ಬೇಡ.

ಆಮೇಲಿನ ಎರಡು ದಿನ ಪುಡಿ ತೆಗೆಯುವುದರಲ್ಲಿ ಹೋಯಿತು. ಇಂಥ ಸಿಲಿಂಡರಿನಲ್ಲಿರುವ ಎಬಿಸಿ ಪುಡಿಯಲ್ಲಿ ಮುಖ್ಯವಾಗಿರುವುದು ಮೋನೋಅಮೋನಿಯಂ ಫಾಸ್ಫೇಟ್. ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ, ಬಟ್ಟೆ, ರಬ್ಬರ್ ಉರಿಯುವಾಗ ಅದೇ ಅದರ ಗುಣ. ಆದರೆ ತೇವ ಸಿಕ್ಕರೆ ಆಮ್ಲವಾಗಿ ಅಲ್ಯೂಮಿನಿಯಂ, ಕನೆಕ್ಟರಿನ ಪಿನ್ನುಗಳನ್ನು ತಿನ್ನುತ್ತದೆ. ಮೊದಲು ಒಣಗಿದ್ದಾಗಲೇ ಬ್ರಷ್ಷು, ವ್ಯಾಕ್ಯೂಮ್, ಆಮೇಲೆ ಉಳಿದದ್ದನ್ನು ಒರೆಸಿದ್ದು. ಈ ಗೋಳಿಗೆ ಹೆದರಿ ಇಂಗಾಲದ ಡೈಆಕ್ಸೈಡಿನದು ಇಟ್ಟುಕೊಳ್ಳುವವರಿದ್ದಾರೆ. ಕಲೆ ಉಳಿಯುವುದಿಲ್ಲ, ನಿಜ. ಆದರೆ ಬಯಲಿನ ಗಾಳಿಗೆ ಅದು ಚದುರಿಹೋಗುತ್ತದೆ, ಮುಚ್ಚಿದ ಕಾರಿನೊಳಗೆ ಹೊಡೆದರೆ ಉಸಿರು ಕಟ್ಟಿಸುತ್ತದೆ. ರಸ್ತೆಯ ಗಾಡಿಗೆ ನನ್ನ ಆಯ್ಕೆ ಇನ್ನೂ ಪುಡಿಯೇ.

ಈಗ ಎರಡು ಕಿಲೋದ್ದು ಇದೆ. ಕೂರಿಸಿದ್ದು ಸೀಟಿಗಲ್ಲ, ನೆಲದ ತಗಡಿಗೆ, ಅಡಿಯಲ್ಲಿ ಅಗಲವಾದ ವಾಷರ್ ಕೊಟ್ಟು, ಎರಡು ಲೋಹದ ಪಟ್ಟಿಗಳಿಂದ. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ರ್‍ಯಾಲಿ ಕಾರಿನ ಎಕ್ಸ್‌ಟಿಂಗ್ವಿಷರ್ ಹಿಡಿದಿಡುವ ಬ್ರಾಕೆಟ್ 25 ಜಿ, ಅಂದರೆ ಅದರ ತೂಕದ 25 ಪಟ್ಟು ಎಳೆತ, ತಡೆಯಬೇಕು. ಸಿಲಿಂಡರ್, ಪುಡಿ ಎಲ್ಲ ಸೇರಿ ಮೂರೂವರೆ ಕಿಲೋ ಎಂದಿಟ್ಟುಕೊಳ್ಳಿ. 25 ಜಿ ಎಂದರೆ ಡಿಕ್ಕಿಯಾದ ಕ್ಷಣ ಅದು ಎಂಬತ್ತೇಳು ಕಿಲೋದ ಹಾಗೆ ಮುಂದಕ್ಕೆ ಎಳೆಯುತ್ತದೆ. ಸುಮ್ಮನೆ ಕಾಲ ಬುಡದಲ್ಲಿ ಉರುಳಲು ಬಿಟ್ಟ ಸಿಲಿಂಡರ್ ಅಂದರೆ ಬ್ರೇಕ್ ಪೆಡಲ್ಲಿನ ಕೆಳಗೆ ಸಿಕ್ಕಿಕೊಳ್ಳುವ, ಇಲ್ಲವೇ ತಲೆಗೆ ಬಡಿಯುವ ಕಬ್ಬಿಣ. ತಿಂಗಳಿಗೊಮ್ಮೆ ಬಿಚ್ಚಿ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ನೋಡುತ್ತೇನೆ, ತಲೆಕೆಳಗು ಮಾಡಿ ಬುಡಕ್ಕೆ ತಟ್ಟುತ್ತೇನೆ. ಗಾಡಿಯ ಕುಲುಕಾಟಕ್ಕೆ ಪುಡಿ ಅಡಿಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಮುಳ್ಳು ಅದನ್ನು ಹೇಳುವುದಿಲ್ಲ.

ಶಾಖ ತಡೆಯುವ ತಗಡು ಮತ್ತೆ ಬಂದಿದೆ, ಹೊಸದಾಗಿ ಮಾಡಿಸಿದ್ದು. ಪೈಪಿನ ದಾರಿ ಎಂಜಿನ್ನಿನ ಆ ಬದಿಗೆ ಹೋಗಿದೆ. ಪಂಪಿನ ರಿಲೇಯನ್ನು ಇಸಿಯುವಿಗೇ ಒಪ್ಪಿಸಿದೆ. ಅದನ್ನು ಪರೀಕ್ಷಿಸುವ ದಿನ ತಂಗಿಯೂ ಬಂದಿದ್ದಳು. ಪಂಪಿನ ಮೇಲಿರುವ ಹಿಂದಿನ ಸೀಟಿನಲ್ಲಿ ಕೂತು, ಕಿವಿಯನ್ನು ಸೀಟಿಗೆ ಆನಿಸಿಕೊಂಡಳು. ನಾನು ಎಂಜಿನ್ ಹೊಡೆಯದೆ ಕೀ ಮಾತ್ರ ಆನ್ ಮಾಡಿದೆ. 'ಗುಂಯ್' ಎಂದಿತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದೆ.

"ನಿಂತ್ತು ಅಣ್ಣಾ" ಅಂದಳು. "ಇನ್ನೊಂದ್ಸಲ ಹಾಕು, ಕೇಳ್ತೀನಿ."