ಮಳೆ ಪುಸ್ತಕ ರಸ್ಟ್‌ಗೆ: ಇಲ್ಲಿಯವರೆಗಿನ ಕೆಲಸ

ಹೆಬ್ರಿಯ ದೊಡ್ಡಪ್ಪನ ಅಡಿಕೆ ತೋಟದಲ್ಲಿ ಒಂದು ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ, ಎಷ್ಟು ಮಿಲಿಮೀಟರ್ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ತುಳು ತಿಂಗಳು, ಜೊತೆಗೆ "ಗಾಳಿ, ಗುಡುಗು" ಅಂತ ಒಂದು ಟಿಪ್ಪಣಿ. ಈ ಪುಸ್ತಕವನ್ನು ಟೈಪ್ ಮಾಡಿ, ತಿಂಗಳ ಮೊತ್ತ, ಜಾಸ್ತಿ ಮಳೆ ಬಂದ ದಿನ, ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಇರುವ ವ್ಯತ್ಯಾಸ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇವೆ. ಉಡುಪಿಯಿಂದ ನಾನು, ಮಣಿಪಾಲದ ಹಾಸ್ಟೆಲ್‌ನಿಂದ ದೊಡ್ಡಪ್ಪನ ಮಗಳು. ಇಷ್ಟು ಕೆಲಸಕ್ಕೆ ಪೈಥಾನ್ ಧಾರಾಳ ಸಾಕು. ಆದರೆ ಇಬ್ಬರಿಗೂ ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಆಸೆ.

ರಸ್ಟ್ ಅಂದರೆ ಎಲ್ಲರೂ ಮೊದಲು ಹೆದರಿಸುವುದು ಬಾರೋ ಚೆಕರ್ (ಯಾವ ಡೇಟಾ ಯಾರದ್ದು, ಯಾರು ಎರವಲು ಪಡೆದಿದ್ದಾರೆ ಅಂತ ನೋಡುವ ಕಂಪೈಲರ್ ಭಾಗ) ಹೆಸರು ಹೇಳಿ. ಇಲ್ಲಿಯವರೆಗೆ ನಮ್ಮ ಸಮಯ ಜಾಸ್ತಿ ತಿಂದದ್ದು ಅದಲ್ಲ, ಕನ್ನಡ ಅಕ್ಷರಗಳು. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ಮೇ ಕೊನೆ: ಲಿಂಕರ್

ರಸ್ಟ್ ತಂದುಕೊಡುವ ರಸ್ಟಪ್ ಹಾಕಿದ್ದಾಯ್ತು, ಹೊಸ ಪ್ರಾಜೆಕ್ಟ್ ಮಾಡಲು ಕಾರ್ಗೋ ನ್ಯೂ ಅಂದದ್ದಾಯ್ತು. ಅದನ್ನು ಓಡಿಸಲು ಕಾರ್ಗೋ ರನ್ ಅಂದರೆ ನನ್ನ ಉಬುಂಟುವಿನಲ್ಲಿ "ಲಿಂಕರ್ ಸಿಸಿ ನಾಟ್ ಫೌಂಡ್". ಅವಳ ವಿಂಡೋಸ್‌ನಲ್ಲಿ ಲಿಂಕ್ ಡಾಟ್ ಇಎಕ್ಸ್‌ಇ ಸಿಗುತ್ತಿಲ್ಲ ಅಂತ. ಎರಡೂ ಒಂದೇ ರೋಗ. ರಸ್ಟ್ ಕಂಪೈಲರ್ ತುಂಡು ತುಂಡಾಗಿ ಮಾಡಿಕೊಟ್ಟದ್ದನ್ನು ಕೊನೆಗೆ ಒಂದು ಫೈಲ್ ಆಗಿ ಜೋಡಿಸುವುದು ಸಿಸ್ಟಮ್‌ನಲ್ಲಿರುವ ಲಿಂಕರ್. ಉಬುಂಟುವಿಗೆ ಬಿಲ್ಡ್ ಎಸೆನ್ಷಿಯಲ್ ಪ್ಯಾಕೇಜ್, ವಿಂಡೋಸ್‌ಗೆ ವಿಷುವಲ್ ಸ್ಟುಡಿಯೋದ ಸಿ ಪ್ಲಸ್ ಪ್ಲಸ್ ಬಿಲ್ಡ್ ಟೂಲ್ಸ್. ಹಾಕಿದ ಮೇಲೆ ಆ ತಂಟೆ ಮತ್ತೆ ಬರಲಿಲ್ಲ.

ಜೂನ್: ಫೈಲ್ ಓದುವುದೇ ಒಂದು ಕೆಲಸ

ಹಳೆಯ ವರ್ಷಗಳ ಒಂದಿಷ್ಟು ಪುಟವನ್ನು ಯಾರೋ ಯೂನಿಕೋಡ್ ಬರುವ ಮೊದಲಿನ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದರು. ಅದನ್ನು ಫೈಲ್ ಓದುವ ರೀಡ್ ಟು ಸ್ಟ್ರಿಂಗ್‌ಗೆ ಕೊಟ್ಟರೆ "ಇದು ಸರಿಯಾದ ಯುಟಿಎಫ್-8 ಅಲ್ಲ" ಅಂತ ವಾಪಸ್. ರಸ್ಟ್‌ನ ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಇಡುವ ಕ್ರಮ) ಬಿಟ್ಟು ಬೇರೆ ಏನೂ ಇರುವ ಹಾಗಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಅಡ್ಡದಾರಿ ಇಲ್ಲ.

ಹೊಸ ಫೈಲ್‌ಗಳು ಓದಲು ಬಂದವು. ಆದರೆ ಮೊದಲ ಸಾಲಿನ ಮೊದಲ ಅಂಕಣ ಮಾತ್ರ ಯಾವುದಕ್ಕೂ ಹೊಂದುತ್ತಿರಲಿಲ್ಲ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಉಳಿಸಿದರೆ ಫೈಲ್‌ನ ತಲೆಯಲ್ಲಿ ಬಿಓಎಂ ಅನ್ನುವ ಕಣ್ಣಿಗೆ ಕಾಣದ ಗುರುತು ಕೂರುತ್ತದೆ. ಟ್ರಿಮ್ (ತುದಿಗಳ ಖಾಲಿ ಜಾಗ ತೆಗೆಯುವುದು) ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಅದು ಖಾಲಿ ಜಾಗ ಅಲ್ಲ. ಮೊದಲ ತುಂಡನ್ನು ತೆಗೆಯುವ ಸ್ಟ್ರಿಪ್ ಪ್ರಿಫಿಕ್ಸ್ ಬಳಸಿ ತೆಗೆದೆವು. ಕೀಬೋರ್ಡ್‌ನಿಂದ ರೀಡ್ ಲೈನ್‌ನಲ್ಲಿ ಓದುವವರಿಗೆ ಇದರ ತಮ್ಮನೊಬ್ಬ ಸಿಗುತ್ತಾನೆ: ಸಾಲಿನ ಕೊನೆಯ ಎಂಟರ್ ಕೂಡ ಸ್ಟ್ರಿಂಗ್ ಒಳಗೆ ಬರುತ್ತದೆ, ಅದನ್ನು ಸಂಖ್ಯೆಯಾಗಿ ಬದಲಿಸುವ ಪಾರ್ಸ್ ಸೋಲುತ್ತದೆ. ಅದಕ್ಕೆ ಟ್ರಿಮ್ ಸಾಕು.

ಇನ್ನು ಅಂಕಿ. ದೊಡ್ಡಪ್ಪ ಬರೆಯುವುದು ಕನ್ನಡ ಅಂಕಿಯಲ್ಲಿ, ಅವಳು ಟೈಪ್ ಮಾಡಿದ್ದೂ ಹಾಗೆಯೇ. "೧೨" ಅನ್ನುವುದನ್ನು ಪಾರ್ಸ್‌ಗೆ ಕೊಟ್ಟರೆ "ಇನ್ವ್ಯಾಲಿಡ್ ಡಿಜಿಟ್".

"ಅಣ್ಣ, ಈಸ್ ನ್ಯೂಮೆರಿಕ್ ಕೇಳಿದರೆ ಹೌದು ಅಂಕಿ ಅನ್ನುತ್ತೆ. ಟು ಡಿಜಿಟ್ ಕೇಳಿದರೆ ಅಲ್ಲ ಅನ್ನುತ್ತೆ. ಯಾವುದನ್ನು ನಂಬುವುದು?"

ಎರಡೂ ಸರಿಯೇ. ಈಸ್ ನ್ಯೂಮೆರಿಕ್ ಇಡೀ ಯೂನಿಕೋಡ್ ನೋಡಿ ಉತ್ತರ ಕೊಡುತ್ತದೆ. ಟು ಡಿಜಿಟ್‌ಗೂ ಪಾರ್ಸ್‌ಗೂ ಗೊತ್ತಿರುವ ಅಂಕಿ 0ಯಿಂದ 9 ಮಾತ್ರ. ಕನ್ನಡದ ಸೊನ್ನೆಯ ಯೂನಿಕೋಡ್ ಸಂಖ್ಯೆ 3302, ಒಂಬತ್ತರದ್ದು 3311. ಅಕ್ಷರವನ್ನು ಯು32 (ಋಣ ಇಲ್ಲದ ಪೂರ್ಣಾಂಕ) ಮಾಡಿ 3302 ಕಳೆದರೆ ಬೆಲೆ ಸಿಗುತ್ತದೆ. ಈ ಕೆಲಸ ಮಾಡುವ ಸಣ್ಣ ಫಂಕ್ಷನ್ ಬರೆದು, ಪಾರ್ಸ್‌ಗೆ ಮೊದಲು ಎಲ್ಲವನ್ನೂ ಅದರ ಮೂಲಕ ಹಾಯಿಸುತ್ತಿದ್ದೇವೆ.

ಕಾರ್ತೆಲ್ (ಜೂನ್-ಜುಲೈನ ತುಳು ತಿಂಗಳು): ಎರಡು ಜೂನ್

ತಿಂಗಳ ಮೊತ್ತ ಹಾಕಲು, ಹೆಸರಿಗೆ ಒಂದು ಬೆಲೆ ಜೋಡಿಸಿಡುವ ಹ್ಯಾಶ್‌ಮ್ಯಾಪ್ ಬಳಸಿದೆವು. ಪ್ರತಿ ಸಲ ಓಡಿಸಿದಾಗ ತಿಂಗಳುಗಳು ಬೇರೆ ಬೇರೆ ಕ್ರಮದಲ್ಲಿ ಬಂದವು. ಅದು ಹ್ಯಾಶ್‌ಮ್ಯಾಪ್‌ನ ಸ್ವಭಾವ, ಕ್ರಮ ಬೇಕಿದ್ದರೆ ಬಿಟ್ರೀಮ್ಯಾಪ್. ಆದರೆ ಪಟ್ಟಿಯಲ್ಲಿ "ಜೂನ್" ಎರಡು ಸಲ ಇತ್ತು! ಎರಡಕ್ಕೂ ಬೇರೆ ಬೇರೆ ಮೊತ್ತ. ಪರದೆಯಲ್ಲಿ ನೋಡಿದರೆ ಎಳ್ಳಷ್ಟೂ ವ್ಯತ್ಯಾಸ ಇಲ್ಲ.

ಡೀಬಗ್ ರೂಪದಲ್ಲಿ, ಎಸ್ಕೇಪ್ ಮಾಡಿ ಮುದ್ರಿಸಿದಾಗ ಸಿಕ್ಕಿತು. ಒಂದರ ಕೊನೆಗೆ ಶೂನ್ಯ ಅಗಲದ ನಾನ್ ಜಾಯಿನರ್ ಇತ್ತು. ಕನ್ನಡದಲ್ಲಿ "ಜೂನ್‌ನಲ್ಲಿ" ಅಂತ ಒತ್ತಕ್ಷರ ಆಗದೆ ಬರೆಯಲು ಅರ್ಧಾಕ್ಷರದ ನಂತರ ಅದನ್ನು ಒತ್ತುತ್ತೇವಲ್ಲ, ಅದೇ. "ನಲ್ಲಿ" ಅಳಿಸಿದರೂ ಅದು ಉಳಿದುಕೊಂಡಿತ್ತು. ಸ್ಟ್ರಿಂಗ್ ಹೋಲಿಸುವಾಗ ರಸ್ಟ್ ಬೈಟ್‌ಗಳನ್ನು ನೋಡುತ್ತದೆ, ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಅಲ್ಲ. ಇದೇ ಜಾತಿಯ ಇನ್ನೊಂದು: ತುಳು ತಿಂಗಳು "ಸೋಣ"ದ ಓ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ತುಂಡುಗಳನ್ನು ಜೋಡಿಸಿಯೂ ಇಡಬಹುದು. ಎರಡನ್ನೂ ಒಂದೇ ರೂಪಕ್ಕೆ ತರಲು ಯೂನಿಕೋಡ್ ನಾರ್ಮಲೈಸೇಷನ್ ಕ್ರೇಟ್ (ರಸ್ಟ್ ಲೈಬ್ರರಿ) ಇದೆ. ನಾನ್ ಜಾಯಿನರ್ ಅನ್ನು ನಾವೇ ರೀಪ್ಲೇಸ್ ಮಾಡಿ ಒಗೆದೆವು. ತಿಂಗಳ ಹೆಸರಿನಿಂದ ಮಾತ್ರ, ಟಿಪ್ಪಣಿಯಿಂದ ಅಲ್ಲ. ಟಿಪ್ಪಣಿಯಲ್ಲಿ ತೆಗೆದರೆ ಒತ್ತಕ್ಷರ ಬಂದು ಓದುವುದೇ ಕಷ್ಟ.

ಮೊತ್ತದ ಪಟ್ಟಿ ಸೊಟ್ಟ ಸೊಟ್ಟ ಬರುತ್ತಿರುವುದಕ್ಕೂ ಕಾರಣ ಇಲ್ಲೇ ಇದೆ. "ಉಡುಪಿ" ನಮ್ಮ ಕಣ್ಣಿಗೆ ಮೂರು ಅಕ್ಷರ. ಚಾರ್ಸ್ (ಯೂನಿಕೋಡ್ ಚಿಹ್ನೆಗಳು) ಎಣಿಸಿದರೆ 5, ಸ್ವರಚಿಹ್ನೆಗಳು ಬೇರೆಯಾಗಿ ಲೆಕ್ಕ. ಲೆನ್ (ಉದ್ದ) ಕೇಳಿದರೆ 15, ಯಾಕೆಂದರೆ ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್. ಫಾರ್ಮ್ಯಾಟ್‌ನಲ್ಲಿ ಅಗಲ 10 ಅಂದರೆ ಅದು ಚಾರ್ ಎಣಿಸಿ ಜಾಗ ತುಂಬುತ್ತದೆ, ಹಾಗಾಗಿ ಸಾಲು ಹೊಂದುವುದಿಲ್ಲ. 0ಯಿಂದ 4ನೇ ಬೈಟ್‌ವರೆಗೆ ಕತ್ತರಿಸಲು ಹೋದರೆ ಪ್ರೋಗ್ರಾಂ ಅಲ್ಲೇ ಪ್ಯಾನಿಕ್, ಅಂದರೆ ತಪ್ಪು ಹೇಳಿ ನಿಂತುಬಿಡುತ್ತದೆ. ಅಕ್ಷರ ಅಕ್ಷರವಾಗಿ ಬೇಕಿದ್ದರೆ ಯೂನಿಕೋಡ್ ಸೆಗ್ಮೆಂಟೇಷನ್ ಕ್ರೇಟ್. ನಾವು ಸದ್ಯಕ್ಕೆ ಅಂಕಿಯನ್ನು ಎಡಗಡೆಗೆ, ಹೆಸರನ್ನು ಕೊನೆಗೆ ಹಾಕಿ ಬಚಾವ್.

ಖಾಲಿ ಅಂಕಣ

ಕೆಲವು ದಿನಗಳ ಮಳೆ ಅಂಕಣ ಖಾಲಿ. ಅಲ್ಲಿ ಅನ್‌ರ‍್ಯಾಪ್ (ಬೆಲೆ ಇದ್ದೇ ಇದೆ ಅಂತ ನಂಬಿ ತೆಗೆಯುವುದು) ಸೋತು ಪ್ರೋಗ್ರಾಂ ಬೀಳುತ್ತಿತ್ತು. ಸುಮ್ನೆ 0 ಹಾಕಿದರೆ ಓಡುತ್ತದೆ, ಅಲ್ವಾ? ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಖಾಲಿ ಇದ್ದರೆ ಮಳೆ ಬಂದಿಲ್ಲ ಅಂತಲಾ ದೊಡ್ಡಪ್ಪ?"

"ಇಲ್ಲ ಮಾರಾಯ, ಅವತ್ತು ನಾನು ಊರಲ್ಲೇ ಇರಲಿಲ್ಲ. ಮಳೆ ಇಲ್ಲದಿದ್ದರೆ ಸೊನ್ನೆ ಬರೆಯುತ್ತೇನಲ್ಲ."

ರಸ್ಟ್‌ನ ಆಪ್ಷನ್ (ಬೆಲೆ ಇರಬಹುದು, ಇಲ್ಲದಿರಬಹುದು ಅನ್ನುವ ಬಗೆ) ಇರುವುದೇ ಇದಕ್ಕೆ. ಸೊನ್ನೆ ಬರೆದಿದ್ದರೆ ಸಮ್ (Some, ಬೆಲೆ ಇದೆ) ಒಳಗೆ 0, ಖಾಲಿ ಇದ್ದರೆ ನನ್ (None, ಬೆಲೆ ಇಲ್ಲ). ಸರಾಸರಿ ತೆಗೆಯುವಾಗ ನನ್ ಇರುವ ದಿನಗಳನ್ನು ಭಾಗಿಸುವ ಲೆಕ್ಕದಿಂದಲೇ ಬಿಡುತ್ತೇವೆ. ಉಳಿದ ತಪ್ಪುಗಳಿಗೆ ಅನ್‌ರ‍್ಯಾಪ್ ಬದಲು ರಿಸಲ್ಟ್ (ಉತ್ತರ ಅಥವಾ ತಪ್ಪು) ಮತ್ತು ತಪ್ಪನ್ನು ಕರೆದ ಕಡೆಗೆ ದಾಟಿಸುವ ಪ್ರಶ್ನಾರ್ಥಕ ಚಿಹ್ನೆ, ಜೊತೆಗೆ ಸಾಲಿನ ನಂಬರ್. ನಂಬರ್ ಇಲ್ಲದ ತಪ್ಪಿನ ಸಂದೇಶ ಕಟ್ಟಿಕೊಂಡು ಸಾವಿರ ಸಾಲಿನಲ್ಲಿ ಏನು ಹುಡುಕುವುದು?

ತುಳು ತಿಂಗಳಿಗೆ ಒಂದು ಈನಮ್ (ನಿಗದಿತ ಹೆಸರುಗಳ ಬಗೆ) ಮಾಡಿದ್ದೇವೆ, ಹೆಸರುಗಳೂ ಕನ್ನಡ ಲಿಪಿಯಲ್ಲೇ: ಕಾರ್ತೆಲ್, ಆಟಿ, ಸೋಣ. 2021ರಲ್ಲಿ ಬಂದ 1.53 ಆವೃತ್ತಿಯಿಂದ ರಸ್ಟ್ ಇದಕ್ಕೆ ಒಪ್ಪುತ್ತದೆ. ಹೆಸರಿನೊಳಗೆ ನಾನ್ ಜಾಯಿನರ್ ಇರಬಾರದು ಅಷ್ಟೇ. ಪ್ರತಿ ತಿಂಗಳಿಗೂ ಏನು ಮಾಡಬೇಕು ಅಂತ ಬರೆಯುವ ಮ್ಯಾಚ್‌ನಲ್ಲಿ ಒಂದು ತಿಂಗಳು ಬಿಟ್ಟರೂ ಕಂಪೈಲರ್ ಹೆಸರು ಹಿಡಿದು ಹೇಳುತ್ತದೆ.

ಆಟಿ (ಜುಲೈ-ಆಗಸ್ಟ್): ಬಾರೋ ಚೆಕರ್ ಬಂತು

ಮೊದಲು ಸಿಕ್ಕಿದ್ದು ಇ0382 ನಂಬರಿನ ತಪ್ಪು. ದಾಖಲೆಗಳ ವೆಕ್ಟರ್ (ಬೆಳೆಯುವ ಪಟ್ಟಿ) ಮೇಲೆ ಒಂದು ಫಾರ್ ಲೂಪ್ ಓಡಿಸಿ ಮೊತ್ತ ತೆಗೆದು, ಎರಡನೇ ಲೂಪ್‌ಗೆ ಅದನ್ನೇ ಕೊಟ್ಟರೆ "ಅದು ಆಗಲೇ ಹೋಯಿತು" ಅನ್ನುತ್ತದೆ. ಲೂಪ್ ವೆಕ್ಟರನ್ನು ಪೂರ್ತಿ ತನ್ನದು ಮಾಡಿಕೊಂಡಿರುತ್ತದೆ. ಹೆಸರಿಗೆ ಮೊದಲು ಒಂದು ಆಂಪರ್ಸ್ಯಾಂಡ್ (&) ಹಾಕಿದರೆ ಬರೀ ಎರವಲು. ಇದನ್ನು ಸಂದೇಶದ ಕೆಳಗೆ ಹೆಲ್ಪ್ ಅನ್ನುವ ಸಾಲಿನಲ್ಲಿ ಕಂಪೈಲರೇ ಬರೆದಿರುತ್ತದೆ. ಕೆಂಪು ಬಣ್ಣ ನೋಡಿ ಓದುವುದನ್ನು ನಿಲ್ಲಿಸುವವರೇ ಜಾಸ್ತಿ.

ಇ0502 ಮಾತ್ರ ಯೋಚನೆಗೆ ಹಚ್ಚಿತು. ಅತಿ ಜಾಸ್ತಿ ಮಳೆಯ ದಾಖಲೆಗೆ ಒಂದು ರೆಫರೆನ್ಸ್ (ಎರವಲು ಪಡೆದ ವಿಳಾಸ) ಹಿಡಿದುಕೊಂಡು, ಇವತ್ತಿನ ದಾಖಲೆಯನ್ನು ವೆಕ್ಟರ್‌ಗೆ ಪುಶ್ ಮಾಡಿ, ಆಮೇಲೆ ಹಳೆಯದನ್ನು ಮುದ್ರಿಸಬೇಕು. ಬಿಡುವುದಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದೇ: ಕೊನೆಗೆ ಒಂದನ್ನು ಸೇರಿಸಿದರೆ ನಡುವಿನದಕ್ಕೆ ಏನು ತೊಂದರೆ? ತೊಂದರೆ ಇದೆ. ವೆಕ್ಟರ್‌ಗೆ ಇರುವ ಜಾಗ ತುಂಬಿದರೆ ಅದು ಬೇರೆ ಕಡೆ ದೊಡ್ಡ ಜಾಗ ಪಡೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಬಹುದು. ಆಗ ಕೈಯಲ್ಲಿರುವ ರೆಫರೆನ್ಸ್, ಬಾಡಿಗೆ ಮನೆ ಬಿಟ್ಟು ಹೋದವರ ಹಳೆ ವಿಳಾಸದ ಹಾಗೆ. ಸಿ ಭಾಷೆಯಲ್ಲಿ ಇದು ಕಂಪೈಲ್ ಆಗಿ, ಯಾವತ್ತೋ ಒಂದು ದಿನ ಕಸ ತೋರಿಸುತ್ತದೆ. ರಸ್ಟ್ ಮೊದಲೇ ತಡೆಯುತ್ತದೆ. ಪರಿಹಾರ ಮೂರು ಇವೆ: ಮುದ್ರಿಸಿ ಮುಗಿಸಿ ಆಮೇಲೆ ಪುಶ್ ಮಾಡುವುದು, ರೆಫರೆನ್ಸ್ ಬದಲು ಸ್ಥಾನದ ಸಂಖ್ಯೆ ಇಟ್ಟುಕೊಳ್ಳುವುದು, ಇಲ್ಲವೇ ಕ್ಲೋನ್ (ನಕಲು). ನಾವು ಮೊದಲನೆಯದನ್ನು ಮಾಡಿದೆವು. ಕ್ಲೋನ್ ಮಾಡಿದರೂ ಪಾಪ ಸುತ್ತಿಕೊಳ್ಳುವುದಿಲ್ಲ. ದಿನಕ್ಕೆ ಒಂದು ಸಾಲಿನ ಲೆಕ್ಕದಲ್ಲಿ ಅದರ ಖರ್ಚು ಗೊತ್ತೂ ಆಗದು.

ಸ್ಟ್ರಕ್ಟ್ (ಒಂದು ದಾಖಲೆಯ ಅಚ್ಚು) ಒಳಗೆ ಸ್ಟ್ರಿಂಗ್ ಇಡಬೇಕೋ, ಸ್ಟ್ರಿಂಗ್ ಸ್ಲೈಸ್ (ಬೇರೆ ಕಡೆ ಇರುವ ಅಕ್ಷರಗಳ ಎರವಲು) ಇಡಬೇಕೋ ಅನ್ನುವುದಕ್ಕೂ ನನ್ನ ಉತ್ತರ ಹೀಗೆಯೇ. ಕಲಿಯುವಾಗ ಸ್ಟ್ರಿಂಗ್ ಇಡಿ. ಸ್ಲೈಸ್ ಇಟ್ಟರೆ ಇ0106 ಬಂದು ಲೈಫ್‌ಟೈಮ್ (ಎರವಲು ಎಷ್ಟು ಹೊತ್ತು ಬಾಳುತ್ತದೆ ಅನ್ನುವ ಗುರುತು) ಬರೆಯಿರಿ ಅನ್ನುತ್ತದೆ. ಒಂದು ಕಡೆ ಬರೆದರೆ ಆ ಸ್ಟ್ರಕ್ಟ್ ಮುಟ್ಟಿದ ಕಡೆಯಲ್ಲೆಲ್ಲ ಅದು ಹಬ್ಬುತ್ತದೆ.

ಈ ವಾರ: 429 ಕಿಲೋಮೀಟರ್ ಮಳೆ

ಮಳೆಯನ್ನು ಎಫ್64ನಲ್ಲಿ (ದಶಮಾಂಶ ಸಂಖ್ಯೆಯ ಬಗೆ) ಇಟ್ಟಿದ್ದಾಗ ಸಾರ್ಟ್ ಆಗುತ್ತಿರಲಿಲ್ಲ. ದಶಮಾಂಶದಲ್ಲಿ "ಸಂಖ್ಯೆಯೇ ಅಲ್ಲ" ಅನ್ನುವ ಒಂದು ಬೆಲೆ ಇರುವುದರಿಂದ ಅದಕ್ಕೆ ಆರ್ಡ್ (ಪೂರ್ತಿ ಹಿರಿ-ಕಿರಿ ಕ್ರಮ) ಇಲ್ಲ. ಟೋಟಲ್ ಸಿಎಂಪಿ ಬಳಸಬಹುದು. ನಾವು ಹತ್ತರಿಂದ ಗುಣಿಸಿ ಯು32 ಮಾಡಿಕೊಂಡೆವು, 32 ಮಿಲಿಮೀಟರ್ ಅಂದರೆ 320.

ಆಮೇಲೆ ನಿನ್ನೆ 118, ಇವತ್ತು 32, ವ್ಯತ್ಯಾಸ ಎಷ್ಟು ಅಂತ ಕೇಳಿದರೆ ಡೀಬಗ್ ಬಿಲ್ಡ್ (ಪರೀಕ್ಷೆಗೆ ಮಾಡಿದ ಪ್ರೋಗ್ರಾಂ) ಪ್ಯಾನಿಕ್ ಆಯಿತು. ಯು32ಗೆ ಸೊನ್ನೆಗಿಂತ ಕೆಳಗೆ ಜಾಗ ಇಲ್ಲ. ರಿಲೀಸ್ ಬಿಲ್ಡ್ (ಬಳಕೆಗೆ ಮಾಡಿದ್ದು) ಪ್ಯಾನಿಕ್ ಆಗದೆ 4,29,49,66,436 ಅಂದಿತು. ಹತ್ತರಿಂದ ಭಾಗಿಸಿ ನೋಡಿದರೆ ನಿನ್ನೆಗಿಂತ 429 ಕಿಲೋಮೀಟರ್ ಜಾಸ್ತಿ ಮಳೆ. ಕರಾವಳಿಯಲ್ಲಿ ವರ್ಷವಿಡೀ ಸುರಿದರೂ ಸುಮಾರು 4 ಮೀಟರ್. ವ್ಯತ್ಯಾಸದ ಲೆಕ್ಕಕ್ಕೆ ಐ32 (ಋಣವೂ ಹಿಡಿಯುವ ಪೂರ್ಣಾಂಕ), ಎಷ್ಟು ದೂರ ಅಂತ ಮಾತ್ರ ಬೇಕಾದ ಕಡೆ ಆಬ್ಸ್ ಡಿಫ್. ಯೂಸೈಜ್ (ಎಣಿಕೆಗೆ ಬಳಸುವ, ಋಣ ಇಲ್ಲದ ಬಗೆ) ಕಳೆಯುವ ಕಡೆಗಳನ್ನೂ ಒಮ್ಮೆ ನೋಡಬೇಕು, ಖಾಲಿ ವೆಕ್ಟರ್‌ನ ಲೆನ್‌ನಿಂದ 1 ಕಳೆದರೂ ಇದೇ ಗತಿ.

ಬಾಕಿ ಇರುವುದು ಎರಡು. ಅಲ್ಪವಿರಾಮದಲ್ಲಿ ಸ್ಪ್ಲಿಟ್ ಮಾಡುವುದರಿಂದ "ಗಾಳಿ, ಗುಡುಗು" ಎರಡು ಅಂಕಣ ಆಗುತ್ತಿದೆ, ಅದನ್ನು ಸಿಎಸ್‌ವಿ ಕ್ರೇಟ್‌ಗೆ ಬದಲಿಸಬೇಕು. ಇನ್ನೊಂದು ತಿಂಗಳ ಮೊದಲ ದಿನದ್ದು. 1ನೇ ತಾರೀಕು ಬೆಳಿಗ್ಗೆ ಅಳೆದ ಮಳೆಯಲ್ಲಿ ಹೆಚ್ಚಿನ ಪಾಲು ಹಿಂದಿನ ತಿಂಗಳ ಕೊನೆಯ ದಿನದ್ದು. ಹಿಂದಿನ ತಿಂಗಳಿಗೆ ಸೇರಿಸಬೇಕು ಅಂತ ಅವಳ ವಾದ. ಅಳೆದ ದಿನಕ್ಕೇ ಇರಲಿ ಅಂತ ನನ್ನದು, ದೊಡ್ಡಪ್ಪ ಕೈಯಲ್ಲಿ ಹಾಕಿದ ಮೊತ್ತಗಳು ಹಾಗೆಯೇ ಇವೆ, ತಾಳೆ ನೋಡಲು ಸುಲಭ. ಸದ್ಯಕ್ಕೆ ನನ್ನ ಕ್ರಮದಲ್ಲಿ ಓಡುತ್ತಿದೆ, ಅವಳದ್ದು ಬೇರೆ ಬ್ರಾಂಚ್‌ನಲ್ಲಿದೆ.