ಜಾಕ್ ಬಂತು, ಗಾಡಿಯ ಕೆಳಗೆ ಹೋಗಲಿಲ್ಲ

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಹಾರ್ಲೆ ಐರನ್ 883 ಬೈಕ್. ತೂಕ ಸುಮಾರು 255 ಕೆಜಿ. ಸೆಂಟರ್ ಸ್ಟ್ಯಾಂಡ್ ಇಲ್ಲ. ಮೊದಲೇ ಕುಳ್ಳ ಗಾಡಿ, ಸಾಲದ್ದಕ್ಕೆ ಹಿಂದಿನ ಓನರ್ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿಸಿದ್ದರು. ನೋಡೋಕೆ ಚಂದ, ನಿಜ. ಆದರೆ ಮೈಸೂರಿನ ನಮ್ಮ ಬೀದಿಯ ಹಂಪ್ ಮೇಲೆ ದಿನಾ ಹೊಟ್ಟೆ ಉಜ್ಜಿಕೊಂಡೇ ಬರುತ್ತದೆ.

ಹಿಂದಿನ ಚಕ್ರ ತಿರುಗಿಸೋಕೆ ಇದಕ್ಕೆ ಚೈನ್ ಇಲ್ಲ, ಬೆಲ್ಟ್. ಎಣ್ಣೆ ಬಿಡುವ ಗೋಜಿಲ್ಲ. ಆದರೂ ಬೆಲ್ಟನ್ನು ಒಂದು ಸುತ್ತು ಪೂರ್ತಿ ನೋಡಬೇಕು ಅಂದರೆ ಚಕ್ರ ತಿರುಗಬೇಕಲ್ವಾ? ಇಷ್ಟು ದಿನ ಒಂದು ಗೇಣು ನೋಡುವುದು, ಗಾಡಿ ಮುಂದೆ ತಳ್ಳುವುದು, ಮತ್ತೆ ಮಂಡಿಯೂರುವುದು. ಬೇಜಾರಾಗಿ ಒಂದು ಹೈಡ್ರಾಲಿಕ್ ಜಾಕ್ ತರಿಸಿದೆ. ಕಾಲಲ್ಲಿ ಪೆಡಲ್ ತುಳಿದರೆ ಏಳುತ್ತದೆ. 680 ಕೆಜಿ ಎತ್ತುತ್ತದಂತೆ. ಎಷ್ಟು ಎತ್ತುತ್ತದೆ ಅಂತ ನೋಡಿದ್ದೆ, ಎಷ್ಟು ತಗ್ಗುತ್ತದೆ ಅಂತ ನೋಡಿರಲಿಲ್ಲ.

ಪೂರ್ತಿ ಇಳಿಸಿದರೂ ಜಾಕಿನ ಎತ್ತರ 120 ಮಿಮೀ. ಗಾಡಿಯನ್ನು ನನ್ನ ತಮ್ಮ ನೆಟ್ಟಗೆ ಹಿಡಿದುಕೊಂಡಾಗ ಫ್ರೇಮ್ ಪೈಪಿನ ಕೆಳಗೆ ಟೇಪ್ ಹಿಡಿದೆ: 105. ಸೈಡ್ ಸ್ಟ್ಯಾಂಡ್ ಮೇಲೆ ವಾಲಿ ನಿಂತರೆ ಎಡಗಡೆ ಬರೀ 90. ಜಾಕ್ ಹೊಸ್ತಿಲಲ್ಲೇ ನಿಂತ ಅತಿಥಿ ಥರ ಹೊರಗೇ ಉಳಿಯಿತು.

ಜಾಕ್ ತಗ್ಗಲ್ಲ ಅಂದಮೇಲೆ ಗಾಡಿಯನ್ನೇ ಎತ್ತರಿಸಬೇಕು. ಪಕ್ಕದ ಕ್ರಾಸಿನ ಬಡಗಿಯ ಹತ್ತಿರ 18 ಮಿಮೀ ಪ್ಲೈವುಡ್ ತುಂಡುಗಳನ್ನು ಕೊಯ್ಯಿಸಿದೆ. "ಪೂಜೆ ಮಣೆನಾ ಸಾರ್?" ಅಂತ ಕೇಳಿದ. ಹಾರ್ಲೆಗೆ ಅಂದೆ. ನಕ್ಕ, ಆದರೆ ತಲೆ ಓಡಿಸಿದ. ಎರಡೆರಡು ತುಂಡು ಒಂದರ ಮೇಲೊಂದು ಅಂಟಿಸಿ ಮೊಳೆ ಹೊಡೆದು ಮೂರು ಹಲಗೆ ಮಾಡಿದ. ಕೆಳಗಿನ ತುಂಡನ್ನು ಒಂದು ಗೇಣು ಉದ್ದ ಬಿಟ್ಟು, ಅಂಚನ್ನು ಇಳಿಜಾರಾಗಿ ಹೆರೆದುಕೊಟ್ಟ. 36 ಮಿಮೀ ಒಂದೇ ಸಲ ಹತ್ತಿಸುವ ಬದಲು ಎರಡು ಮೆಟ್ಟಿಲಾಯಿತು. ತಮ್ಮ ಹಿಂದಿನಿಂದ ತಳ್ಳಿದ, ಎರಡೂ ಚಕ್ರ ಸಲೀಸಾಗಿ ಹತ್ತಿದವು.

ಇಲ್ಲೇ ನಾನು ದಡ್ಡತನ ಮಾಡಿದ್ದು. ಚಕ್ರಗಳಿಗೆ ಹಲಗೆ ಇಟ್ಟೆ, ಸೈಡ್ ಸ್ಟ್ಯಾಂಡಿಗೆ ಇಡಲಿಲ್ಲ. ಸ್ಟ್ಯಾಂಡ್ ಒದ್ದು ಗಾಡಿಯನ್ನು ವಾಲಿಸಿದೆ. ದಿನಾ ನಿಲ್ಲುವ ಜಾಗದಲ್ಲಿ ಅದು ನಿಲ್ಲಲಿಲ್ಲ. ಇನ್ನೂ ವಾಲಿತು, ಇನ್ನೂ ವಾಲಿತು. ಸ್ಟ್ಯಾಂಡ್ ಇನ್ನೂ 36 ಮಿಮೀ ಕೆಳಗಿರುವ ನೆಲ ಹುಡುಕುತ್ತಿತ್ತು. ತೊಡೆ ಕೊಟ್ಟು ತಡೆದೆ. ಮುಟ್ಟಿ ನೋಡಿದರೆ ಇವತ್ತಿಗೂ ನೋವಿದೆ. ತಮ್ಮ ಆ ಕಡೆಯಿಂದ ಹ್ಯಾಂಡಲ್ ಎಳೆಯದಿದ್ದರೆ ಟ್ಯಾಂಕ್ ಹೋಗಿ ತುಳಸಿ ಕಟ್ಟೆಗೆ ಬಡಿಯುತ್ತಿತ್ತು. ಮೂರನೇ ಹಲಗೆ ಅಲ್ಲೇ ಗೋಡೆಗೆ ಒರಗಿತ್ತು, ಸುಮ್ನೆ.

ಅದನ್ನು ಸ್ಟ್ಯಾಂಡಿನ ಕೆಳಗೆ ಇಟ್ಟಮೇಲೆ ಎಡಗಡೆ 126 ಮಿಮೀ ಸಿಕ್ಕಿತು. ಬಲಗಡೆಯಿಂದ ಜಾಕ್ ತೂರಿಸಿದೆ. ಆ ಕಡೆ ಫ್ರೇಮ್ ಎತ್ತರ ಇರುತ್ತದೆ, ಆದರೆ ಸೈಲೆನ್ಸರ್ ಇರುವುದೂ ಆ ಕಡೆಯೇ. ಆಯಿಲ್ ಡ್ರೇನ್ ಪೈಪ್ ಕೂಡ ಅಲ್ಲೇ ಇಳಿಬಿದ್ದಿರುತ್ತದೆ. ಮೊಬೈಲ್ ಟಾರ್ಚ್ ಹಾಕಿ, ನೆಲಕ್ಕೆ ಕೆನ್ನೆ ಇಟ್ಟು, ಜಾಕಿನ ರಬ್ಬರ್ ಎರಡು ಫ್ರೇಮ್ ಪೈಪಿಗೆ ಬಿಟ್ಟು ಬೇರೇನಕ್ಕೂ ತಾಗುತ್ತಿಲ್ಲ ಅಂತ ನೋಡಿದೆ. ಮುಂದಿನ ಬ್ರೇಕ್ ಲಿವರನ್ನು ಹಳೇ ಸೈಕಲ್ ಟ್ಯೂಬಲ್ಲಿ ಬಿಗಿದೆ. ಹ್ಯಾಂಡಲ್‌ನಿಂದ ಜಾಕಿನ ಎರಡು ಕೊಕ್ಕೆಗೂ ಸ್ಟ್ರಾಪ್ ಕಟ್ಟಿದೆ. ಸ್ಟ್ರಾಪ್ ಇಲ್ಲದೆ ಎತ್ತುವವರ ಧೈರ್ಯ ನನಗಿಲ್ಲ.

ಒಂದೊಂದೇ ಪೆಡಲ್ ತುಳಿದೆ. ಗಾಡಿ ನಿಧಾನವಾಗಿ ನೆಟ್ಟಗಾಯಿತು, ಸ್ಟ್ಯಾಂಡ್ ಸಡಿಲವಾಯಿತು, ಹಿಂದಿನ ಚಕ್ರ ಮೇಲೆದ್ದಿತು. ಮುಂದಿನದು ಏಳಲಿಲ್ಲ. ಜಾಕ್ ಸ್ವಲ್ಪ ಹಿಂದಕ್ಕೆ ಬಿದ್ದಿತ್ತು. ಇರಲಿ, ನನಗೆ ಬೇಕಿದ್ದದ್ದು ಹಿಂದಿನದೇ.

ಗೇರ್ ನ್ಯೂಟ್ರಲ್‌ಗೆ ಹಾಕಿ, ಕೈಯಲ್ಲಿ ಚಕ್ರ ತಿರುಗಿಸಿದೆ. ಅರ್ಧ ಸುತ್ತಿಗೆ ಟಿಕ್ ಅಂತ ಒಂದು ಸದ್ದು. ಮತ್ತೊಂದು ಸುತ್ತಿಗೆ ಮತ್ತೆ ಟಿಕ್. ಬೆಲ್ಟ್ ಸುತ್ತುವ ಹಿಂದಿನ ಪುಲ್ಲಿಯ ಹಲ್ಲುಗಳ ನಡುವೆ ಕಡಲೆಬೇಳೆ ಗಾತ್ರದ ಜಲ್ಲಿ ಕಲ್ಲು ಕೂತಿತ್ತು. ಅದೇ ಒತ್ತಿ ಒತ್ತಿ ಬೆಲ್ಟಿಗೆ ತೂತು ಮಾಡುವ ಕಲ್ಲು. ಸ್ಕ್ರೂಡ್ರೈವರ್ ತುದಿಯಲ್ಲಿ ಮೀಟಿ ತೆಗೆದೆ.

ಮೂರನೇ ಹಲಗೆ ಈಗ ಅಮ್ಮನ ಉಪ್ಪಿನಕಾಯಿ ಜಾಡಿಯ ಕೆಳಗಿದೆ. ಮುಂದಿನ ಸಲ ಕೇಳಿ ಈಸಿಕೊಳ್ಳಬೇಕು.