ಎರಡೂ ಬೋಟು 32 ಅಡಿನ, ಮಾರ್ಕ್ಸೂ ಹೆಚ್ಚುಕಡಿಮಿ ಅಷ್ಟ

ನಮ್ಮ ಶೆಡ್ ಗೋಕುಲ ರೋಡಿನ್ಯಾಗ ಐತಿ. ಬಸ್ಸಿನ ಮುಂದಿನ ಶೋ, ನೀರಿನ ಟಾಕಿ, ಹೋಟೆಲ್ ಮುಂದ ನಿಲ್ಲಸೋ ಫೈಬರ್ ಆನಿ, ಏನ್ ಹೇಳಿದ್ರೂ ಮಾಡ್ತೀವಿ. ಮಳಿಗಾಲಕ್ಕ ಗೋವಾದಾಗ ಬೋಟು ದಂಡಿಗೆ ಎಳದು ಇಟ್ಟಾಗ ಅವುಗಳ ರಿಪೇರಿನೂ ಬರ್ತೈತಿ. ಹುಬ್ಬಳ್ಳ್ಯಾಗ ಸಮುದ್ರ ಎಲ್ಲೈತಲೇ ಅಂತ ನಗೋರು ನಗ್ಲಿ, ಫೈಬರ್ ಅಂಟಸೋ ರೆಸಿನ್‌ಗೆ ಸಮುದ್ರ ಬೇಕಾಗಿಲ್ಲ.

ಈ ಸಲ ಬಂದ ಪಾರ್ಟಿ ಗದಗಿನವ್ರು, ಹತ್ತಿ ವ್ಯಾಪಾರ. ಗೋವಾದಾಗ ಎರಡು ಸೇಲಿಂಗ್ ಬೋಟ್ (ಹಾಯಿಲೆ ನಡಿಯೋವು) ನೋಡಿಟ್ಟಾರ, ಒಂದು 1976ರದು, ಇನ್ನೊಂದು 2019ರದು, ಎರಡೂ 32 ಅಡಿನ, ಯಾವ್ದು ತಗೋಬೇಕು ಹೇಳ್ರಿ ಅಂದ್ರು. ನಮ್ಮ ಸಾಹುಕಾರ್ರು ನನ್ನ ಕೈಯಾಗ ಒಂದು ಶೀಟ್ ಕೊಟ್ಟು ಕಳಿಸಿದ್ರು. ಅದು ಬಸ್ ಬಾಡಿ ಇನ್ಸ್‌ಪೆಕ್ಷನ್ ಶೀಟ್, 'ಬಸ್' ಅನ್ನೋದನ್ನ ಹೊಡದು 'ಬೋಟ್' ಅಂತ ಬರದಿದ್ರು, ಮುಗೀತು. ಸೀಟ್ ಕಂಡೀಷನ್‌ಗೆ 10 ಮಾರ್ಕ್, ಕಿಡಕಿಗೆ 10. ಕೀಲ್‌ಗೆ, ಅಂದ್ರ ಬೋಟಿನ ತಳದಾಗ ಇರೋ ಭಾರದ ರೆಕ್ಕಿಗೆ, ಕಾಲಮ್ಮೇ ಇಲ್ಲ.

ಹಳೇದು ಹ್ಯಾಂಡ್ ಲೇಅಪ್, ಅಂದ್ರ ಫೈಬರನ್ನ ಕೈಲೆ ಪದರ ಪದರಾಗಿ ಹಾಕಿದ್ದು. ಆಗಿನ ಮಂದಿ ಮ್ಯಾಟ್ (ಬಿಡಿ ಎಳಿದು) ಮ್ಯಾಲ ರೋವಿಂಗ್ (ನೇಯ್ದದ್ದು), ರೋವಿಂಗ್ ಮ್ಯಾಲ ಮ್ಯಾಟ್ ಅಂತ ದಪ್ಪಾಗಿ ಹಾಕ್ಕೊಂತ ಹೋಗ್ಯಾರ, ಸುತ್ತಿಗಿಲೆ ಬಡದ್ರ ಎಲ್ಲಾ ಕಡೆ ಗಟ್ಟಿ ಸಪ್ಪಳ. ಆದ್ರ ವಾಟರ್‌ಲೈನ್ (ನೀರು ತಾಗೋ ಗೆರಿ) ಕೆಳಗ ಗುಳ್ಳಿನ ಗುಳ್ಳಿ. ಸ್ಕ್ರೂಡ್ರೈವರ್ ತುದಿಲೆ ಒಂದನ್ನ ಚುಚ್ಚಿದ್ದ ತಡ, ಒಳಗಿನ ನೀರು ಚಿಮ್ಮಿ ನನ್ನ ಗಲ್ಲಕ್ಕ ಬಡೀತು, ಮುಟ್ಟಿದ್ರ ಬೆರಳಿಗೆ ಅಂಟಂಟು, ಮೂಗಿಗೆ ವಿನೆಗರ್ ವಾಸನಿ. ಪಕ್ಕಾ ಆಸ್ಮೋಸಿಸ್, ಅಂದ್ರ ಫೈಬರಿನೊಳಗ ನೀರು ಇಳದು ಗುಳ್ಳಿ ಏಳೋ ರೋಗ. (ಗುಳ್ಳಿ ಚುಚ್ಚುವಾಗ ಗಾಗಲ್ಸ್ ಹಾಕ್ಕೊಳ್ರಪ್ಪಾ, ಒಳಗ ಪ್ರೆಶರ್ ಇರ್ತೈತಿ.) ಜೆಲ್‌ಕೋಟ್ (ಮ್ಯಾಲಿನ ನುಣುಪು ಪದರ) ಕೆತ್ತಿ ತಗದು, ತಿಂಗಳುಗಟ್ಲೆ ಒಣಗಿಸಿ, ನೀರು ತಡಿಯೋ ಎಪಾಕ್ಸಿ ಹೊಡೀಬೇಕು. ಫೋನ್ ಮಾಡಿ ಇಷ್ಟು ಹೇಳಿದ್ಕೂಡ್ಲೆ ಸಾಹುಕಾರ್ರು ಆ ಕೆಲಸ ನಮ್ಮ ಶೆಡ್ಡಿಗೇ ಬಂತು ಅಂತ ಮನಸಿನ್ಯಾಗ ಬಿಲ್ ಹಾಕಾಕ ಶುರು ಮಾಡಿದ್ರು.

ಹೊಸದ್ರಾಗ ಗುಳ್ಳಿ ಇಲ್ಲ, ಅಲ್ಲಿ ಅಂಜಿಕಿನ ಬ್ಯಾರೆ. ಒಳಗಿನ ಗ್ರಿಡ್ಡನ್ನ (ಗಟ್ಟಿತನಕ್ಕ ಇಡೋ ಚೌಕಟ್ಟು) ಹಲ್‌ಗೆ (ಬೋಟಿನ ಹೊರಮೈಗೆ) ಅಂಟಿಸಿರ್ತಾರ, ಕೀಲ್ ಕೆಳಗಿಂದ ಬೋಲ್ಟ್ ಹಾಕಿ ಕೂಡಸಿರ್ತಾರ. 2014ರ ಮೇದಾಗ ಅಟ್ಲಾಂಟಿಕ್‌ನ್ಯಾಗ ಚೀಕಿ ರಫೀಕಿ ಅನ್ನೋ ಬೋಟಿನ ಕೀಲ್ ಕಳಚಿಬಿದ್ದು ನಾಕು ಮಂದಿ ಹೋದ್ರು. ಹಿಂದ ನೆಲಕ್ಕ ತಾಗಿದ್ದು, ಗ್ರಿಡ್ಡಿನ ಅಂಟು ಒಳಗ ಬಿಟ್ಟಿರೋ ಸಾಧ್ಯತಿ, ಎರಡೂ ತನಿಖೆಯಾಗ ಬಂದಾವ. ಅದಕ್ಕ ಅಲ್ಲಿಯ ವಾಚ್‌ಮನ್ನಗ, ಇದು ಯಾವಾಗರ ಮಾಂಡೋವಿ ಬಾಯಾಗಿನ ಉಸುಕಿನ ದಿಬ್ಬಕ್ಕ ತಾಗಿತ್ತೇನಪಾ ಅಂತ ಕೇಳಿದೆ. ಆಕಾಶ ನೋಡಿ 'ಇಲ್ರಿ' ಅಂದ. ನಾ ನಂಬ್ಲಿಲ್ಲ, ಬಿಲ್ಜ್‌ನ್ಯಾಗ (ಬೋಟಿನ ಒಳಗ ತೀರ ತಳದಾಗ) ತಲಿ ಕೆಳಗ ಮಾಡಿ, ಟಾರ್ಚ್ ಹಿಡ್ಕೊಂಡು ಒಂದೊಂದು ಬೋಲ್ಟಿನ ಸುತ್ತ ಬಿರಕು ಹುಡುಕಿದೆ. ಏನೂ ಸಿಗ್ಲಿಲ್ಲ.

ಆಮ್ಯಾಲ ಮೀಟಿಂಗ್, ನಮ್ಮ ಕ್ಯಾಬಿನ್ನಾಗ. ಗದಗಿನ ಶೇಠ್ರು, ಅವ್ರ ಮನಿಯವ್ರು (ಅಕ್ಕಾರು), ಮಗ. ನಾ ಆಸ್ಮೋಸಿಸ್ ಬಗ್ಗೆ ಕೇಳ್ತಾರಂತ ಫೋಟೋ ಎಲ್ಲಾ ಜೋಡಿಸ್ಕೊಂಡು ಕುಂತಿದ್ದೆ. ಹುಡುಗ ಶೀಟ್ ಎತ್ಕೊಂಡ, ಕೆಳಗ ಟೋಟಲ್ ನೋಡಿದ. ಹಳೇದಕ್ಕ 71, ಹೊಸದಕ್ಕ 73.

"ಎರಡು ಮಾರ್ಕಿನ ಸಲುವಾಗಿ ಇಷ್ಟ್ ಲಕ್ಷ ಜಾಸ್ತಿ ಕೊಡಬೇಕೇನ್ರಿ?"

ಯಾರೂ ಮಾತಾಡ್ಲಿಲ್ಲ. ಫ್ಯಾನ್ ತಿರಗಾಕತ್ತಿತ್ತು, ಸಾಹುಕಾರ್ರು ನನ್ನ ಕಡೆ ನೋಡಾಕತ್ತಿದ್ರು, ನಾ ಶೀಟ್ ನೋಡಾಕತ್ತಿದ್ದೆ. ಹಳೇದು ತಗೋಳ್ರಿ ಅನ್ನು ಅಂತ ಕಣ್ಣಿನ್ಯಾಗ ಹೇಳ್ತಿದ್ರು ಅವ್ರು. ಆಗ ಅಕ್ಕಾರು ಕೇಳಿದ್ರು ನೋಡ್ರಿ, "ತಮ್ಮಾ, ಒಳಗ ನಿಂತು ಚಹಾ ಮಾಡಾಕ ಆಗ್ತೈತೇನು? ನಮ್ಮ ಅತ್ತಿಯವ್ರು ಹತ್ತಿ ಇಳೀತಾರ?"

ಆ ಪ್ರಶ್ನಿ ನಾ ಗೋವಾಕ್ಕ ಹೋಗೂಕಿಂತ ಮೊದಲ ಕೇಳಬೇಕಿತ್ತು. ಶೀಟ್ ಬದಿಗಿಟ್ಟೆ. ಹೇಳಿದೆ: ಎರಡೂ 32 ಅಡಿ ಖರೆ, ಆದ್ರ ಹಳೇದರ ಮುಂದ ಹಿಂದ ಎರಡೂ ಕಡೆ ಹೊರಗ ಚಾಚೈತಿ, ನೀರಿಗೆ ತಾಗೋದು 24 ಅಡಿ ಅಷ್ಟ, ಹೊಸದು 30ರ ತನಕ ತಾಗ್ತೈತಿ. ನೀರಿಗೆ ತಾಗೋ ಉದ್ದ ಜಾಸ್ತಿ ಆದಂಗ ಸ್ಪೀಡೂ ಜಾಸ್ತಿ, ಲೆಕ್ಕದ ಪ್ರಕಾರ ಅದು ಆರೂವರಿ ನಾಟ್ (ತಾಸಿಗೆ ಸುಮಾರು 12 ಕಿಲೋಮೀಟರ್), ಇದು ಏಳು ದಾಟ್ತೈತಿ. ಅಗಲ ಅದು ಒಂಬತ್ತೂವರಿ ಅಡಿ, ಇದು ಹನ್ನೊಂದು. ಹೊಸದ್ರಾಗ ನೆಟ್ಟಗ ನಿಂತು ಚಹಾ ಮಾಡ್ರಿ, ಹಿಂದ ಪ್ಲಾಟ್‌ಫಾರ್ಮ್ ಐತಿ, ಅಜ್ಜಿ ಕೈ ಹಿಡ್ಕೊಂಡು ಇಳೀತಾರ. ಹಳೇದು ಗಾಳಿ ಬಂದ್ಕೂಡ್ಲೆ ಒಂದ್ ಕಡೆ ವಾಲ್ತೈತಿ, ವಾಲಿದ ಮ್ಯಾಲ ಅಲ್ಲೇ ಗಟ್ಟ್ಯಾಗಿ ನಿಂತು ನಡೀತೈತಿ, ಅದು ಅದರ ಸ್ವಭಾವ, ಆದ್ರ ಮೊದಲನೇ ಸಲ ಕುಂತವ್ರು ದೇವರ ಹೆಸರು ತಗೋತಾರ. ಉದ್ದ ಕೀಲ್ ಇರೋದ್ರಿಂದ ಜೆಟ್ಟಿಯಿಂದ ಹಿಂದಕ್ಕ ತಗಿಯೋದು ಅಂದ್ರ ಕಬ್ಬು ಹೇರಿದ ಟ್ರೇಲರ್ ರಿವರ್ಸ್ ತಗೊಂಡಂಗ.

ಹುಡುಗ ಬಿಡ್ಲಿಲ್ಲ, ಅವನಿಗೆ ಬೋಟಿನ್ಯಾಗ ಲಕ್ಷದ್ವೀಪಕ್ಕ ಹೋಗೋ ಹುಚ್ಚು. "ಒಬ್ಬೊಬ್ಬರ ಜಗತ್ತು ಸುತ್ತೋ ಗೋಲ್ಡನ್ ಗ್ಲೋಬ್ ರೇಸ್‌ನ್ಯಾಗ 1988ಕ್ಕಿಂತ ಮೊದಲಿನ ಡಿಸೈನ್, ಉದ್ದ ಕೀಲ್, ಇಂಥಾವನ್ನಷ್ಟ ಬಿಡ್ತಾರಲ್ರಿ? ನಮ್ಮ ನೌಕಾಪಡೆಯಾಗಿದ್ದ ಅಭಿಲಾಷ್ ಟಾಮಿ 2023ರಾಗ ಎರಡನೇದವ್ರಾಗಿ ಬಂದದ್ದು ಇಂಥಾದ್ದ ರಸ್ಲರ್ 36 ಬೋಟಿನ ಮ್ಯಾಲ ಅಲ್ಲೇನು?" ಹೌದಪಾ. ದೂರ ಹೋಗವ್ರಿಗೆ, ಅಲಿ ಜೋರಿದ್ದಾಗ ದಾರಿ ಬಿಡದಂಗ ನಡಿಯೋ ಭಾರದ ಬೋಟ್ ಬೇಕನ್ನವ್ರಿಗೆ ಹಳೇದ ಬರೋಬರಿ, ಗುಳ್ಳಿ ರಿಪೇರಿ ಮಾಡಿಸಿದ್ರ. ಆದ್ರ 2018ರಾಗ ಅದ ರೇಸಿನ್ಯಾಗ ಟಾಮಿಯವ್ರ ಥುರಿಯಾ ಬೋಟಿನ ಮಾಸ್ಟ್ (ಹಾಯಿಕಂಬ) ಮುರದು ಬೆನ್ನಿಗೆ ಪೆಟ್ಟಾತು, ಅದಕ್ಕೂ ಉದ್ದ ಕೀಲ್ ಇತ್ತು. ಇನ್ನ ಸ್ಪೀಡ್ ಅಂದ್ರ, ಮುಂಬೈದಾಗ ಕಟ್ಟಿದ ಸುಹೈಲಿ ಬೋಟು 1968-69ರಾಗ ಒಬ್ಬರನ್ನ ಹೊತ್ಕೊಂಡು ಎಲ್ಲೂ ನಿಲ್ಲದಂಗ ಜಗತ್ತು ಸುತ್ತಾಕ 312 ದಿನ ತಗೊಂತು, 2025ರಾಗ ಫ್ರಾನ್ಸಿನ ಶಾರ್ಲಿ ದಲಾಂ ಫಾಯಿಲ್ ಬೋಟಿನ್ಯಾಗ (ನೀರಿನಿಂದ ಮ್ಯಾಲ ಎತ್ತೋ ರೆಕ್ಕಿ ಇರೋದು) 64 ದಿನಕ್ಕ ಮುಗಿಸಿದ್ರು. ಅದ್ರಾಗ ಅಕ್ಕಾರು ಚಹಾ ಮಾಡಾಕ ಆಗೂದಿಲ್ಲ ಅಂದೆ, ಶೇಠ್ರು ಅವತ್ತಿನ್ಯಾಗ ಮೊದಲನೇ ಸಲ ನಕ್ರು.

ಹೊಸದ ತಗೊಂಡ್ರು. ನಮ್ಮ ಶೆಡ್ಡಿಗೆ ಬರಬೇಕಾಗಿದ್ದ ಎಪಾಕ್ಸಿ ಕೆಲಸ ಹೋತು, ಸಾಹುಕಾರ್ರು ವಾರಗಟ್ಲೆ ನನ್ನ ಜೋಡಿ ಬರೇ ರೆಸಿನ್ ಗಟ್ಟಿ ಮಾಡೋ ಹಾರ್ಡನರ್ ಸ್ಟಾಕ್ ಬಗ್ಗೆ ಅಷ್ಟ ಮಾತಾಡಿದ್ರು. ಈಗ ಶೀಟಿನ್ಯಾಗ 'ಉಪಯೋಗ' ಅಂತ ಒಂದು ಕಾಲಮ್ ಸೇರಸ್ಯಾರ, ಅದಕ್ಕೂ 10 ಮಾರ್ಕ್. ಹೆಂಗ್ ಹಾಕ್ಲಿರಿ ಅಂದ್ರ, "ಏನರ ಹಾಕಲೇ, ಟೋಟಲ್ ಬರಬೇಕು" ಅಂತಾರ.

ಹಳೇದು ಇನ್ನೂ ದಂಡಿ ಮ್ಯಾಲ ಒಣಗಾಕತ್ತೈತಿ, ರೇಟೂ ಇಳೀಲಿಕತ್ತೈತಿ. ಬ್ಯಾರೆ ಕೆಲಸಕ್ಕ ಗೋವಾಕ್ಕ ಹ್ವಾದಾಗೆಲ್ಲಾ ಅದರ ಮಾಯಿಶ್ಚರ್ ರೀಡಿಂಗ್ (ಒಳಗ ಎಷ್ಟು ತೇವ ಉಳದೈತಿ ಅನ್ನೋದು) ತಗದು ಆ ಹುಡುಗಗ ವಾಟ್ಸಾಪ್ ಮಾಡ್ತೀನಿ, ಅವ್ರಪ್ಪಗ ಹೇಳಬ್ಯಾಡ್ರಿ ಅಂದಾನ.